ಹನ್ನೆರಡು ವರ್ಷದ ಹಳೆಯ ಚೀಟಿ

ಪ್ರಶ್ನೆ: ಉಡುಪಿಯಲ್ಲಿರುವ ನನ್ನ ತಾಯಿಗೆ 68 ವರ್ಷ. ತಂದೆ ತೀರಿಕೊಂಡಾಗ ನಿದ್ರೆಗೆಂದು ಬರೆದುಕೊಟ್ಟ ಅಲ್ಪ್ರಜೋಲಾಮ್ 0.5 ಮಿಲಿಗ್ರಾಂ ಮಾತ್ರೆಯನ್ನು ಹನ್ನೆರಡು ವರ್ಷಗಳಿಂದ ನುಂಗುತ್ತಿದ್ದಾರೆ. ಈಗಿನ ವೈದ್ಯರು ಬಿಡಬೇಕು ಎಂದರು. ಎರಡು ದಿನ ಬಿಟ್ಟದ್ದಕ್ಕೆ ಕೈ ನಡುಗಿ, ಎದೆ ಹೊಡೆದುಕೊಂಡು, ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಅಂದು ಕೊಟ್ಟವರದು ತಪ್ಪೇ, ಇಂದು ಬಿಡಿಸುವವರದು ತಪ್ಪೇ?

ಉತ್ತರ: ಇದೇ ಪ್ರಶ್ನೆ ಕುಂದಾಪುರದಿಂದ ಬಂಟ್ವಾಳದವರೆಗಿನ ಓದುಗರಿಂದ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತೇನೆ. ಮೊದಲು ಮಾಡಬೇಕಾದದ್ದು: ತಟ್ಟನೆ ನಿಲ್ಲಿಸುವ ಸಾಹಸ ಬೇಡ. ವರ್ಷಗಟ್ಟಲೆ ತೆಗೆದುಕೊಂಡ ಈ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಅಪಸ್ಮಾರದಂತಹ ಸೆಳೆತವೂ ಬರಬಹುದು. ಹಳೆಯ ಪ್ರಮಾಣಕ್ಕೆ ಮರಳಿ, ಈ ವಾರವೇ ವೈದ್ಯರನ್ನು ಕಾಣಿರಿ.

ತಪ್ಪು ಯಾರದೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1903ರಲ್ಲಿ ಬಾರ್ಬಿಟಾಲ್ ಬಳಕೆಗೆ ಬಂದ ಮೇಲೆ ಸುಮಾರು ಅರ್ಧ ಶತಮಾನ ಕಾಲ ಅದೇ ಬಗೆಯ ಹಳೆಯ ನಿದ್ರೆ ಮಾತ್ರೆಗಳಾದ ಬಾರ್ಬಿಚುರೇಟ್‌ಗಳದೇ ಆಳ್ವಿಕೆಯಾಗಿತ್ತು. ನಿದ್ರೆ ತರುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅವುಗಳಲ್ಲಿ ಅಂತರ ಬಹಳ ಕಡಿಮೆ. 1955ರಲ್ಲಿ ಅಮೆರಿಕದಲ್ಲಿ ಮೆಪ್ರೊಬಮೇಟ್ ಎಂಬ ಆತಂಕದ ಮಾತ್ರೆ ಬಂದಾಗ ಜನ ಅಂಗಡಿಗಳಿಗೆ ಮುಗಿಬಿದ್ದರು, ಅದೂ ಚಟ ಹಿಡಿಸುತ್ತದೆಂಬುದು ಆಮೇಲೆ ತಿಳಿಯಿತು. ರಸಾಯನಶಾಸ್ತ್ರಜ್ಞ ಲಿಯೊ ಸ್ಟರ್ನ್‌ಬಾಕ್ ಕಂಡುಹಿಡಿದ ಕ್ಲೋರ್ಡಯಜೆಪಾಕ್ಸೈಡ್ 1960ರಲ್ಲಿ ಲಿಬ್ರಿಯಂ ಎಂಬ ಹೆಸರಿನಲ್ಲೂ, ಡಯಾಜೆಪಾಮ್ 1963ರಲ್ಲಿ ವ್ಯಾಲಿಯಂ ಎಂಬ ಹೆಸರಿನಲ್ಲೂ ಮಾರುಕಟ್ಟೆಗೆ ಬಂದವು. ನಿಮ್ಮ ತಾಯಿಯ ಅಲ್ಪ್ರಜೋಲಾಮ್ ಕೂಡ ಬೆಂಜೊಡಯಜೆಪಿನ್ ಎಂಬ ಇದೇ ಕುಟುಂಬದ್ದು. ಬೇರೇನೂ ಬೆರೆಸದೆ ಇವನ್ನಷ್ಟೇ ಮಿತಿಮೀರಿ ನುಂಗಿದವರು ಸಾಮಾನ್ಯವಾಗಿ ಬದುಕುಳಿಯುತ್ತಿದ್ದರು. ಬಾರ್ಬಿಚುರೇಟ್ ನುಂಗಿದವರ ಹೆಣ ನೋಡಿದ್ದ ವೈದ್ಯರಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಆ ತಲೆಮಾರಿನವರು ಧಾರಾಳವಾಗಿ ಬರೆದದ್ದನ್ನು ನಾನು ಹಳಿಯಲಾರೆ.

ಆದರೆ ಆ ವಿನಾಯಿತಿ ಎಂದೋ ಮುಗಿದಿದೆ. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಈ ಮಾತ್ರೆಗಳನ್ನು ತೀವ್ರ ಆತಂಕಕ್ಕೆ ಎರಡರಿಂದ ನಾಲ್ಕು ವಾರ ಮಾತ್ರ ಕೊಡಬೇಕೆಂದು 1988ರಲ್ಲಿಯೇ ಹೇಳಿತು. ಅದೇ ಹೊತ್ತಿಗೆ ಖಿನ್ನತೆಗೆಂದು ಬಂದ ಫ್ಲೂಆಕ್ಸೆಟಿನ್ ಮತ್ತು ಆಮೇಲಿನ ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್‌ಗಳು ದೀರ್ಘಕಾಲದ ಆತಂಕಕ್ಕೆ ಮೊದಲ ಆಯ್ಕೆಯಾದವು. ಇವು ಫಲ ಕೊಡಲು ವಾರಗಳು ಹಿಡಿಯುತ್ತವೆ, ಮೊದಲ ದಿನಗಳಲ್ಲಿ ಚಡಪಡಿಕೆಯನ್ನೂ ಹೆಚ್ಚಿಸಬಹುದು. ಅರ್ಧ ಗಂಟೆಯಲ್ಲಿ ಹಾಯೆನಿಸುವ ಮಾತ್ರೆಯ ರುಚಿ ಕಂಡವರಿಗೆ ಆ ತಾಳ್ಮೆ ಇರುವುದಿಲ್ಲ. ನಮ್ಮ ದೇಶದಲ್ಲಿ 2014ರ ಮಾರ್ಚ್‌ನಿಂದ ಅಲ್ಪ್ರಜೋಲಾಮ್ ಬಿಗಿ ನಿಯಂತ್ರಣದ ಔಷಧಗಳ ಎಚ್1 ಪಟ್ಟಿಯಲ್ಲಿದ್ದು, ವೈದ್ಯರ ಹಾಗೂ ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟೇ ಮೆಡಿಕಲ್‌ನವರು ಅದನ್ನು ಮಾರಬೇಕು.

ಆದ್ದರಿಂದ ಸಾವಿನ ಮನೆಯಲ್ಲಿ ಹತ್ತು ದಿನಕ್ಕೆಂದು ಮಾತ್ರೆ ಬರೆದವರನ್ನು ನಾನು ದೂರುವುದಿಲ್ಲ. ಯಾವ ದಿನ ನಿಲ್ಲಿಸಬೇಕೆಂದು ಬರೆಯದವರನ್ನು, ಮಾಸಿದ ಆ ಚೀಟಿಗೆ ಮಾತ್ರೆ ಕೊಡುತ್ತಲೇ ಹೋದ ಅಂಗಡಿಯವರನ್ನು, ಮತ್ತು ಕ್ಷಮಿಸಿ, ವೈದ್ಯರ ಬಳಿ ಹೋಗದೆ ಮಾತ್ರೆ ಮಾತ್ರ ತಂದುಕೊಟ್ಟ ಮನೆಯವರನ್ನು ದೂರುತ್ತೇನೆ. ತಾಯಿಯವರ ಕೈ ನಡುಗಿದ್ದು ಮಾತ್ರೆ ಅವರಿಗೆ ಅಗತ್ಯವೆಂಬುದಕ್ಕೆ ಸಾಕ್ಷಿಯಲ್ಲ. ಅಲ್ಪ್ರಜೋಲಾಮ್ ದೇಹದಿಂದ ಬೇಗ ಇಳಿಯುವುದರಿಂದ, ಅದಕ್ಕೆ ಒಗ್ಗಿದ ಮಿದುಳು ಮಾತ್ರೆ ತಪ್ಪಿದಾಗ ಹೀಗೆ ರಂಪ ಮಾಡುತ್ತದೆ. ಅದಕ್ಕಾಗಿಯೇ ಕೆಲವೊಮ್ಮೆ ನಿಧಾನವಾಗಿ ಇಳಿಯುವ ಡಯಾಜೆಪಾಮ್‌ಗೆ ಬದಲಿಸಿ, ಎರಡು ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲಿನಂತೆ ಇಳಿಸುತ್ತೇವೆ. ಈ ವಯಸ್ಸಿನವರಲ್ಲಿ ಮಂಪರು ಹೆಚ್ಚುವ ಭಯದಿಂದ ನಾನು ಬದಲಿಸದೆ, ಇರುವ ಮಾತ್ರೆಯನ್ನೇ ಇನ್ನೂ ನಿಧಾನವಾಗಿ ಕಡಿಮೆ ಮಾಡುವವನು. ತಿಂಗಳುಗಳು ಹಿಡಿಯಲಿ, ಅವಸರವೇನು? ಬಿಡಲೇಬೇಕೇ ಎಂದು ಕೇಳುವವರು, ರಾತ್ರಿ ಬಚ್ಚಲಿಗೆಂದು ಎದ್ದು ಜಾರಿಬಿದ್ದು ಸೊಂಟ ಮುರಿದುಕೊಂಡ ವೃದ್ಧರನ್ನು ನಮ್ಮೂರಿನ ಯಾವುದೇ ಮೂಳೆ ವಿಭಾಗದಲ್ಲಿ ನೋಡಿ ಬರಲಿ.

ಪ್ರಶ್ನೆ: ಬಸ್‌ಸ್ಟ್ಯಾಂಡಿನ ಬಳಿ ಸಿಗುವ ‘ಅಡ್ಡ ಪರಿಣಾಮವಿಲ್ಲದ’ ಟೆನ್ಶನ್ ಪುಡಿ ಒಳ್ಳೆಯದೇ?

ಉತ್ತರ: ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆಯದ ಪುಡಿಯನ್ನು ನೀವು ದನಕ್ಕೂ ಹಾಕಲಾರಿರಿ.

ಪ್ರಶ್ನೆ: ಮದುವೆ ಮನೆಯಲ್ಲಿ ಎರಡು ಪೆಗ್ ಹಾಕುವ ದಿನವೂ ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ಖಂಡಿತ ಕೂಡದು. ಎರಡೂ ಸೇರಿದರೆ ಉಸಿರಾಟಕ್ಕೇ ಅಪಾಯ. ಮದ್ಯವನ್ನು ಬಿಡಿ, ನೆಚ್ಚಿಕೊಂಡ ಮಾತ್ರೆಯನ್ನು ಒಮ್ಮೆಲೇ ಬಿಡಬೇಡಿ.

ಪ್ರಶ್ನೆ: ಫ್ಲೂಆಕ್ಸೆಟಿನ್, ಸರ್ಟ್ರಾಲಿನ್ ಮುಂತಾದ ಹೊಸ ಬಗೆಯ ಮಾತ್ರೆಗಳನ್ನಾದರೂ ಬೇಕಾದಾಗ ನಿಲ್ಲಿಸಬಹುದಲ್ಲವೇ?

ಉತ್ತರ: ಇಲ್ಲ. ಅವನ್ನೂ ಇಳಿಸುತ್ತಲೇ ಬಿಡಬೇಕು. ತಲೆ ಸುತ್ತುವುದು, ಮೈಯಲ್ಲಿ ಕರೆಂಟು ಹೊಡೆದಂತಾಗುವುದು ಹಠಾತ್ತಾಗಿ ಬಿಟ್ಟವರ ಮಾಮೂಲಿ ದೂರು.

ಪ್ರಶ್ನೆ: ದುಬೈಯಲ್ಲಿರುವ ಮಗನ ಮನೆಗೆ ಮೂರು ತಿಂಗಳಿಗೆ ಹೋಗುತ್ತಿದ್ದೇನೆ. ನನ್ನ ಅಲ್ಪ್ರಜೋಲಾಮ್ ಒಯ್ಯಬಹುದೇ?

ಉತ್ತರ: ಅಲ್ಲಿ ಅದು ನಿಯಂತ್ರಿತ ಔಷಧ. ಹೊರಡುವ ಮೊದಲೇ ಅಲ್ಲಿನ ಸರ್ಕಾರದ ಅನುಮತಿಯನ್ನು ಮಗನ ಮೂಲಕ ಪಡೆದು, ವೈದ್ಯರ ಹೊಸ ಚೀಟಿಯೊಂದಿಗೆ ಕೈಚೀಲದಲ್ಲಿಟ್ಟುಕೊಳ್ಳಿ. ಉಪ್ಪಿನಕಾಯಿ ಭರಣಿಯ ಜೊತೆ ಸೂಟ್‌ಕೇಸಿಗೆ ತುರುಕಬೇಡಿ.