ಹೀರೋಯಿನ್‌ಗೆ ಹದಿನಾರಾದರೆ ಸಾಕಾ?

ಪ್ರಶ್ನೆ: ಮಲ್ಪೆಯ ಮೀನುಗಾರರ ಮನೆಯ ಹದಿನಾರು ವರ್ಷದ ಹುಡುಗಿಯ ಬಗ್ಗೆ ಕಾದಂಬರಿ ಬರೆದಿದ್ದೇನೆ. ಗೆಳತಿ ಓದಿ ಇದು ಯಂಗ್ ಅಡಲ್ಟ್, ಅಂದರೆ ಹದಿಹರೆಯದವರ ಕಾದಂಬರಿ ಅಂದಳು. ನಮ್ಮ ಮೇಷ್ಟ್ರು ಅಲ್ಲ, ದೊಡ್ಡವರ ಕಾದಂಬರಿಯೇ ಅಂತಾರೆ. ಯಾರನ್ನು ನಂಬಲಿ?
– ಓದುಗಿ, ಉಡುಪಿ

ಉತ್ತರ: ಸದ್ಯಕ್ಕೆ ಇಬ್ಬರನ್ನೂ ಬಿಡಿ. ಹುಡುಗಿಯ ವಯಸ್ಸು ನೋಡಿ ಇದನ್ನು ತೀರ್ಮಾನಿಸೋಕೆ ಆಗುವುದಿಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿರ್ತೀರಿ. ಅದರ ನಾದಿರಾ ಎಳೆಯ ಹುಡುಗಿ. ಆದರೂ ಅದನ್ನು ಹದಿಹರೆಯದವರ ಪುಸ್ತಕ ಅಂತ ಯಾರೂ ಕರೆಯುವುದಿಲ್ಲ. ಅಪ್ಪನ ಹಟ, ತಲಾಖ್, ಸಮುದಾಯದ ಕಟ್ಟಳೆ ಎಲ್ಲ ಸೇರಿ ಅವಳನ್ನು ಹೇಗೆ ಹಿಂಡುತ್ತವೆ ಅನ್ನುವುದನ್ನು ಅವಳಿಗಿಂತ ಜಾಸ್ತಿ ತಿಳಿದವರು ನಿಂತು ನೋಡಿ ಹೇಳುತ್ತಾರೆ.

ಕತೆ ಹೇಳುವವರು ಎಲ್ಲಿ ನಿಂತಿದ್ದಾರೆ? ನಾನು ಮೊದಲು ನೋಡುವುದು ಇದನ್ನು. ನಿಮ್ಮ ಮಲ್ಪೆಯನ್ನೇ ತಗೊಳ್ಳಿ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬೋಟು ದಕ್ಕೆಯಲ್ಲಿ, ಅಪ್ಪ ಮನೆಯಲ್ಲಿ, ಅದೇ ಹೊತ್ತಿಗೆ ಪಿಯುಸಿ ಫೀಸು. ಅಮ್ಮ ಬಳೆ ಅಡವಿಡಲು ಸೊಸೈಟಿಗೆ ಹೋಗಿದ್ದಾಳೆ. ಹೀಗೆ ಬರೆದರೆ ಏನಾಗುತ್ತದೆ ನೋಡಿ: "ಅಮ್ಮನ ಬೋಳು ಕೈ ನೋಡಿ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕಾಲೇಜಿಗೇ ಹೋಗಲ್ಲ ಅಂತ ಬಾಗಿಲು ಹಾಕಿಕೊಂಡೆ." ಇನ್ನೊಂದು ಥರ: "ಆ ಮಳೆಗಾಲ ಅಮ್ಮ ಬಳೆ ಬಿಚ್ಚಿದ್ದು ನನ್ನ ಫೀಸಿಗಲ್ಲ, ಅಪ್ಪನ ಹಳೇ ಸಾಲಕ್ಕೆ ಅಂತ ತಿಳಿದದ್ದು ಅವಳು ಹೋದ ಮೇಲೆ."

ಬಳೆ ಒಂದೇ, ಹುಡುಗಿಯೂ ಒಬ್ಬಳೇ. ಮೊದಲನೆಯದರಲ್ಲಿ ಅವಳು ಗಲಾಟೆಯ ಒಳಗೇ ಇದ್ದಾಳೆ, ಸಂಜೆಗೆ ಏನು ಮಾಡ್ತಾಳೆ ಅಂತ ಅವಳಿಗೇ ಗೊತ್ತಿಲ್ಲ, ಓದುವ ನಮಗೂ ಗೊತ್ತಿಲ್ಲ, ಮತ್ತು ಸದ್ಯ ಅದೊಂದೇ ಮುಖ್ಯ. ಅದು ಯಂಗ್ ಅಡಲ್ಟ್. ಎರಡನೆಯದರಲ್ಲಿ ಅವಳು ತಿರುಗಿ ನೋಡುತ್ತಿದ್ದಾಳೆ. ಅಪ್ಪ ಅಮ್ಮನ ಬದುಕೂ ಅವಳದ್ದರಷ್ಟೇ ದೊಡ್ಡದಾಗಿ ಕಾಣುತ್ತಿದೆ. ನಿಮ್ಮ ಹಸ್ತಪ್ರತಿಯಲ್ಲಿ ಯಾವ ದನಿ ಜಾಸ್ತಿ ಇದೆ ಅಂತ ಒಂದು ಅಧ್ಯಾಯ ಗಟ್ಟಿಯಾಗಿ ಓದಿ ನೋಡಿ. ಎರಡೂ ಬೆರೆತಿದ್ದರೆ ನಿಮ್ಮ ಗೆಳತಿ, ಮೇಷ್ಟ್ರು ಜಗಳ ಆಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಂದಹಾಗೆ, ಅಮೆರಿಕದಲ್ಲಿ ಈ ಬಗೆಯ ಕಾದಂಬರಿಗೆ ದಾರಿ ಮಾಡಿದ್ದು ಅಂತ ಹೇಳುವ 'ದಿ ಔಟ್‌ಸೈಡರ್ಸ್' 1967ರಲ್ಲಿ ಬಂತು. ಬರೆಯುವಾಗ ಎಸ್. ಇ. ಹಿಂಟನ್ ಇನ್ನೂ ಹೈಸ್ಕೂಲ್ ಹುಡುಗಿ. ತಿರುಗಿ ನೋಡುವಷ್ಟು ದೂರ ಅವರೇ ಬಂದಿರಲಿಲ್ಲ!

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಯಂಗ್ ಅಡಲ್ಟ್ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ಕೊಡಿಸಬಹುದು ಅಲ್ವಾ?
– ತಾಯಿ, ಸುರತ್ಕಲ್

ಉತ್ತರ: ಕಣ್ಣು ತೆರೆದೇ ಕೊಡಿಸಿ. ಸಾಮಾನ್ಯವಾಗಿ 12ರಿಂದ 18ರವರಿಗೆ ಅಂತಾರೆ, ಆದರೆ ಆ ಆರು ವರ್ಷದಲ್ಲಿ ಮಕ್ಕಳು ಎಷ್ಟು ಬದಲಾಗ್ತಾರೆ! ಸಾವು, ಪ್ರೇಮ, ಡ್ರಗ್ಸ್, ಆತ್ಮಹತ್ಯೆ ಎಲ್ಲವೂ ಈ ಪುಸ್ತಕಗಳಲ್ಲಿ ಬರುತ್ತವೆ. ಹಣೆಪಟ್ಟಿಯನ್ನೂ ಪೂರ್ತಿ ನಂಬಬೇಡಿ, ಅದರಲ್ಲಿ ವ್ಯಾಪಾರವೂ ಇದೆ. ಮಾರ್ಕಸ್ ಜುಸಾಕ್ ಅವರ 'ದಿ ಬುಕ್ ಥೀಫ್' ಆಸ್ಟ್ರೇಲಿಯದಲ್ಲಿ ದೊಡ್ಡವರ ಕಾದಂಬರಿಯಾಗಿ ಬಂತು, ಅಮೆರಿಕದಲ್ಲಿ ಹದಿಹರೆಯದವರ ಶೆಲ್ಫಿಗೆ ಹೋಯಿತು. ಒಳಗಿನ ಕತೆ ಅದೇ. ಮೊದಲ ಇಪ್ಪತ್ತು ಪುಟ ನೀವೇ ಓದಿ, ಆಮೇಲೆ ಅವಳ ಕೈಗೆ ಕೊಡಿ. ಕದ್ದು ಓದುತ್ತಾಳೆ ಅನ್ನುವ ಭಯವಿದ್ದರೆ ಓದಲಿ ಬಿಡಿ, ನಾವೆಲ್ಲ ಮತ್ತೆ ಹೇಗೆ ಓದಿದ್ದು?

ಪ್ರಶ್ನೆ: ಕನ್ನಡದಲ್ಲಿ ಈ ಬಗೆ ಯಾಕೆ ಇಷ್ಟು ಕಡಿಮೆ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ನಡುವಿನ ಶೆಲ್ಫನ್ನೇ ನಾವು ಇಟ್ಟಿಲ್ಲ. ಇಲ್ಲಿನ ಮಕ್ಕಳು ಮಕ್ಕಳ ಪತ್ರಿಕೆ 'ತುಂತುರು' ಮುಗಿಸಿ ನೇರ ದೊಡ್ಡವರ ವಾರಪತ್ರಿಕೆ 'ತರಂಗ'ದ ಧಾರಾವಾಹಿಗೆ ಹಾರಿದವರು. ಸ್ವಲ್ಪ ಜೋರಿದ್ದವರು ತೇಜಸ್ವಿಯವರ 'ಕರ್ವಾಲೊ' ಹಿಡಿದರು. ಹಾರುವ ಓತಿಯ ಹಿಂದೆ ಅಲೆಯುವ ಆ ಕತೆ ಹದಿಹರೆಯದವರಿಗೆ ಅಂತ ಬರೆದದ್ದಲ್ಲ, ಆದರೆ ಅವರಷ್ಟು ಖುಷಿಯಿಂದ ಬೇರೆ ಯಾರೂ ಓದಿರಲಿಕ್ಕಿಲ್ಲ. ಅದಕ್ಕೇ ಕೊರತೆ ಯಾರಿಗೂ ತಟ್ಟಲಿಲ್ಲವೇನೋ. ಆದರೆ ಪಿಯುಸಿಯಲ್ಲಿ ಫೇಲಾದ ಹುಡುಗ ಆ ರಾತ್ರಿ ಹೇಗಿರುತ್ತಾನೆ ಅನ್ನುವುದನ್ನು ಅವನ ದನಿಯಲ್ಲೇ ಓದಬೇಕು ಅಂತ ನನಗೆ ಆಸೆ. ನೀವು ಇನ್ನೂ ಆ ವಯಸ್ಸಿನ ಹತ್ತಿರವೇ ಇದ್ದೀರಿ, ಬರೆದು ಕಳಿಸಿ.