ಅನುದಾನ ನಂಬಿ ಸಾಂತ್ವನ ಕೇಂದ್ರ ಶುರು ಮಾಡಬಹುದಾ?

ಗಂಡನ ಮನೆಯಲ್ಲಿ ಏಟು ತಿಂದವರಿಗಾಗಿ ನಿಮ್ಮ ಸಂಸ್ಥೆಯಿಂದ ಕೇಂದ್ರ ತೆರೆಯಬೇಕು, ಸರ್ಕಾರದ ಅನುದಾನ ಸಾಕಾಗುತ್ತಾ ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ.

ಅಂಥ ಕೇಂದ್ರಗಳಿಗೆ ಅನುದಾನ ಕೊಡುವ ರಾಜ್ಯ ಸರ್ಕಾರದ ಸಾಂತ್ವನ ಯೋಜನೆ 2000-01ರಲ್ಲಿ ಬಂದದ್ದು. ದುಡ್ಡು ಸರ್ಕಾರದ್ದು, ನಡೆಸುವವರು ಸಂಸ್ಥೆಯವರು. ನಮ್ಮ ತಾಲೂಕಿನ ಕೇಂದ್ರ ನನ್ನ ಕೈಯಲ್ಲಿತ್ತು. ಒಂದು ಸಂಜೆ ಒಬ್ಬಳು ಬಂದಳು. ಸೊಂಟದಲ್ಲಿ ಮಗು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಒಳಗೆ ರೇಷನ್ ಕಾರ್ಡು, ಮಗುವಿನ ತಾಯಿ ಕಾರ್ಡು, ಒಂದು ಸೀರೆ. ಊಟ ಕೊಡಿಸಿದೆ, ಹಾಲಿನ ಪುಡಿ ತಂದೆ, ತವರಿಗೆ ಬಸ್ ಚಾರ್ಜು ಕೊಟ್ಟೆ. ಆಗ ಹೆಂಗಸರಿಗೆ ಬಸ್ ಉಚಿತ ಇರಲಿಲ್ಲ. ಆಮೇಲೆ ಬಂದವರಿಗೂ ಹಾಗೇ ಮಾಡಿದೆ.

ತಪ್ಪಾದದ್ದು ಇಲ್ಲೇ. ಆ ದುಡ್ಡು ಬಾಡಿಗೆಗೆ ಅಂತ ಬಂದದ್ದು. ಮನೆ ಮಾಲೀಕರು ನಿಧಾನಕ್ಕೆ ಕೊಡಿ ಅಂದಿದ್ದರು, ಅದಕ್ಕೆ ಮುಟ್ಟಿದೆ. ವರ್ಷವಿಡೀ ಸೇರಿ 11,400 ರೂಪಾಯಿ. ಪ್ರತಿ ರೂಪಾಯಿಗೂ ಬಿಲ್ ಇತ್ತು, ಹಾಗಾಗಿ ತೊಂದರೆಯಿಲ್ಲ ಅಂದುಕೊಂಡೆ. ಬಿಲ್ ಇದ್ದರೆ ಸಾಲದು. ಬಾಡಿಗೆ ಹೆಡ್‌ನ ದುಡ್ಡು ಬಾಡಿಗೆಗೇ ಹೋಗಬೇಕು, ಇಲ್ಲದಿದ್ದರೆ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ನಾನು ಬಾಯಿಮಾತಲ್ಲಿ ಹೇಳಿ ಸುಮ್ನಾದೆ. ಆಡಿಟ್‌ನಲ್ಲಿ ಆಕ್ಷೇಪಣೆ ಬಂತು. ಅನುದಾನ ಸರಿಯಾಗಿ ಖರ್ಚಾಗಿದೆ ಅಂತ ನಾವು ಕೊಡುವ ಬಳಕೆ ಪ್ರಮಾಣಪತ್ರ ವಾಪಸ್ಸಾಯಿತು. ಅದಿಲ್ಲದೆ ಮುಂದಿನ ಕಂತಿಲ್ಲ. ಎಂಟು ತಿಂಗಳು ಒಂದು ಪೈಸೆ ಬರಲಿಲ್ಲ. ಸಂಬಳವಿಲ್ಲದೆ ನಮ್ಮ ಆಪ್ತ ಸಮಾಲೋಚಕಿ ಕೆಲಸ ಬಿಟ್ಟಳು. ರಾತ್ರಿ ಫೋನ್ ಎತ್ತುತ್ತಿದ್ದವಳು ಅವಳೊಬ್ಬಳೇ. ಆ ಎಂಟು ತಿಂಗಳಲ್ಲಿ ಎಷ್ಟು ಜನ ಫೋನ್ ಮಾಡಿ ಸುಮ್ಮನಾದರೋ, ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳ್ತೀನಿ, ಹೊಸ ಕೇಂದ್ರ ತೆರೆಯಬೇಡಿ. ಅನುದಾನ ಬಂದರೂ ತಡವಾಗಿ ಬರುತ್ತದೆ, ಆರು ತಿಂಗಳ ಸಂಬಳ ಕೈಯಲ್ಲಿಲ್ಲದೆ ಇಳಿಯಲೇಬಾರದು. ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗಾಗಿ 2015ರಿಂದ ಕೇಂದ್ರ ಸರ್ಕಾರದ ನಿರ್ಭಯಾ ನಿಧಿಯಲ್ಲಿ ಸಖಿ ಕೇಂದ್ರಗಳು ನಡೆಯುತ್ತಿವೆ, ಐದು ದಿನ ಉಳಿಯಲು ಜಾಗವೂ ಇರುತ್ತದೆ. ಆದರೆ ಅದು ಹೆಚ್ಚಾಗಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಹಳ್ಳಿಯ ಹೆಂಗಸು ಒಬ್ಬಳೇ ಅಲ್ಲಿಗೆ ಹೇಗೆ ಹೋಗುತ್ತಾಳೆ? ಜೊತೆಗೆ ಹೋಗುವವರು ನೀವಾಗಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ದೂರು ಕೇಳುವವರು ಸಂರಕ್ಷಣಾಧಿಕಾರಿ; ನಮ್ಮ ತಾಲೂಕುಗಳಲ್ಲಿ ಅವರು ಅಂದರೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರ ಮುಂದೆ ಆ ಹೆಂಗಸಿನ ಪಕ್ಕದಲ್ಲಿ ಕೂತು ಕೌಟುಂಬಿಕ ಘಟನಾ ವರದಿ, ಅಂದರೆ ಮನೆಯಲ್ಲಿ ನಡೆದ ದೌರ್ಜನ್ಯದ ದಾಖಲೆ, ಬರೆಸಿ. ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರು ಉಚಿತ, ಆದಾಯ ಎಷ್ಟಿದ್ದರೂ ಸರಿ. ಇದಕ್ಕೆಲ್ಲ ಅನುದಾನ ಬೇಕಿಲ್ಲ, ನಾಲ್ಕು ಜನ ಗಟ್ಟಿ ಹೆಂಗಸರು ಸಾಕು.

ನಿಮ್ಮೂರಿಂದ ಜಿಲ್ಲಾ ಕೇಂದ್ರಕ್ಕೆ ಕೊನೇ ಬಸ್ ಎಷ್ಟು ಗಂಟೆಗೆ, ಮೊದಲು ನೋಡಿಕೊಳ್ಳಿ. ಕತ್ತಲಾದ ಮೇಲೆ ಬರುವವರೇ ಜಾಸ್ತಿ.