ವೇಲ್ಸ್‌ನಲ್ಲಿ ಪಿಆರ್ (ಸಾರ್ವಜನಿಕ ಸಂಪರ್ಕ) ಕೆಲಸ ಲಂಡನ್‌ನಲ್ಲಿ ಮಾಡಿದ ಹಾಗೇ ಅಲ್ವಾ?

ಪೂರ್ತಿ ಹಾಗಲ್ಲ. 2011ರ ಕಾನೂನಿನಿಂದ ವೆಲ್ಷ್ ಭಾಷೆಗೆ ಅಲ್ಲಿ ಅಧಿಕೃತ ಸ್ಥಾನ ಇದೆ. ಸರ್ಕಾರಿ ಸಂಸ್ಥೆಗೆ ಕೆಲಸ ಮಾಡಿದರೆ ಪತ್ರಿಕಾ ಪ್ರಕಟಣೆ ಸಾಮಾನ್ಯವಾಗಿ ಇಂಗ್ಲಿಷ್, ವೆಲ್ಷ್ ಎರಡೂ ಭಾಷೆಯಲ್ಲಿ ಬೇಕು. ವೆಲ್ಷ್ ಟಿವಿ ಚಾನೆಲ್ ಎಸ್‌ಫೋರ್‌ಸಿಗೆ ಬೈಟ್ (ಕ್ಯಾಮೆರಾ ಮುಂದೆ ಚಿಕ್ಕ ಹೇಳಿಕೆ) ಕೊಡಲು ವೆಲ್ಷ್ ಮಾತಾಡುವವರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಕೊನೇ ಗಳಿಗೆಯಲ್ಲಿ ಹುಡುಕಿದರೆ ಕಷ್ಟ.

ಇನ್ನು ಸರಕಿನ ಪ್ರಚಾರದಲ್ಲಿ ಊರಿನ ಹೆಸರೇ ಅರ್ಧ ಬಂಡವಾಳ. ಆಂಗ್ಲೆಸಿ ದ್ವೀಪದ ‘ಹಾಲೆನ್ ಮೋನ್’ ಉಪ್ಪನ್ನೇ ನೋಡಿ. ಒಂದು ದಂಪತಿ ಅಡುಗೆಮನೆ ಒಲೆಯ ಮೇಲೆ ಸಮುದ್ರದ ನೀರು ಕುದಿಸಿ ಶುರುಮಾಡಿದ್ದು. 2014ರಲ್ಲಿ ಯುರೋಪಿನ ಮೂಲಸ್ಥಾನ ಮಾನ್ಯತೆ ಸಿಕ್ಕಿತು, ನಮ್ಮ ಜಿಐ ಟ್ಯಾಗ್ ಥರ. ಇಂಥ ಕಥೆ ಇದ್ದರೆ ಪತ್ರಕರ್ತರು ತಾವಾಗೇ ಬರುತ್ತಾರೆ. ಸುಮ್ನೆ ‘ಅತ್ಯುತ್ತಮ ಗುಣಮಟ್ಟ’ ಅಂತ ಬರೆದು ಕಳಿಸಿದರೆ ಯಾರೂ ಓದಲ್ಲ.

ಜುಲೈನ ರಾಯಲ್ ವೆಲ್ಷ್ ಕೃಷಿ ಮೇಳ, ಆಗಸ್ಟ್‌ನ ಐಸ್ಟೆಡ್‌ವಾಡ್ ಸಾಂಸ್ಕೃತಿಕ ಉತ್ಸವ ನೋಡಿಕೊಂಡು ಪ್ರಚಾರದ ದಿನ ಗೊತ್ತುಮಾಡುವುದೂ ಜಾಣತನ.